ರಕ್ತದಲ್ಲಿ ಬಂದದ್ದಲ್ಲ ಮಾರಾಯ್ರೆ, ಚೌಕಿಯಲ್ಲಿ ಕೂತು ಬಂದದ್ದು

ನಮ್ಮ ಕಡೆ ಯಾವುದಾದ್ರೂ ಹುಡುಗ ಚೆಂಡೆಗೆ ಕೋಲು ಹಾಕಿ ನಾಲ್ಕು ಜನ ತಿರುಗಿ ನೋಡುವ ಹಾಗೆ ಬಾರಿಸಿದ ಅಂತಾದ್ರೆ ಪಕ್ಕದ ಕುರ್ಚಿಯ ಹಿರಿಯರ ಬಾಯಿಂದ ಕೂಡ್ಲೆ ಬರುವ ಮಾತು ಒಂದೇ. "ಅವನ ಅಪ್ಪ ಯಾರು ಗೊತ್ತುಂಟಲ್ಲ? ರಕ್ತದಲ್ಲೇ ಬಂದದ್ದು ಅದು." ಮದುವೆ ಮನೆಯಲ್ಲಿ, ಯಕ್ಷಗಾನ ಆಟದ ಗದ್ದೆಯಲ್ಲಿ, ಮಂಗಳೂರು ಟೌನ್‌ಹಾಲಿನ ಹೊರಗೆ ಚಾ ಕುಡೀತಾ ನಿಂತವರ ಹತ್ರ, ಎಲ್ಲ ಕಡೆ ಕೇಳಿದ್ದೇನೆ ಇದನ್ನು. ಕೇಳ್ಲಿಕ್ಕೆ ಚಂದ ಉಂಟು, ಆದ್ರೆ ಆ ಮಾತಿಂದ ಎಂತ ಸಹ ಅರ್ಥ ಆಗುದಿಲ್ಲ. ರಕ್ತದಲ್ಲೇ ಬರುದಾದ್ರೆ ಅದೇ ಅಪ್ಪನ ಇನ್ನೊಬ್ಬ ಮಗನಿಗೂ ಬರ್ಬೇಕಿತ್ತಲ್ಲ, ಅವ ನೋಡಿದ್ರೆ ಭಜನೆಯಲ್ಲಿ ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಲಿಕ್ಕೂ ಆಗದವ, ಬಹ್ರೇನಲ್ಲಿ ಅಕೌಂಟ್ಸ್ ನೋಡ್ಕೊಂಡು ಆರಾಮಲ್ಲಿದ್ದಾನೆ.

ಹಾಗಾದ್ರೆ ಮನೆತನ, ಪರಂಪರೆ, ಸಂಸ್ಕೃತಿ ಅಂತ ದೊಡ್ಡ ದೊಡ್ಡ ಶಬ್ದ ಹೇಳ್ತೇವಲ್ಲ, ಅದು ಒಬ್ಬ ಕಲಾವಿದನ ಕೈಗೆ ಬಂದು ಸೇರುದು ಯಾವ ದಾರಿಯಲ್ಲಿ? ನನ್ನ ಉತ್ತರ ಸ್ವಲ್ಪ ಸಪ್ಪೆ ಅನ್ನಿಸ್ಬಹುದು. ಮನೆಯ ಚಿಲ್ಲರೆ ಕೆಲಸದ ದಾರಿಯಲ್ಲಿ, ಮತ್ತೆ ಅರೆ ನಿದ್ದೆಯಲ್ಲಿ ಕಿವಿಗೆ ಬಿದ್ದದ್ದರ ದಾರಿಯಲ್ಲಿ.

ನಾನು ನೋಡಿದ್ದರಿಂದಲೇ ಶುರು ಮಾಡ್ತೇನೆ. ನನ್ನ ಸೋದರಮಾವ ಉಡುಪಿ ಹತ್ರದ ಹಳ್ಳಿಯಲ್ಲಿ ಚೌತಿಗೆ ಗಣಪತಿ ಮಾಡ್ತಿದ್ದರು. ನಾವು ಇದ್ದದ್ದು ಅಮ್ಮನ ಮನೆಯಲ್ಲೇ, ಹಾಗಾಗಿ ಆಟಿ ತಿಂಗಳ ಮಳೆ ಅಂದ್ರೆ ನನಗೆ ಈಗಲೂ ಜಗಲಿಯಲ್ಲಿ ಆವೆ ಮಣ್ಣಿನ ರಾಶಿ, ಅದರ ಮೇಲೆ ಒದ್ದೆ ಗೋಣಿ, ಆ ಗೋಣಿಯ ವಾಸನೆ. ಊರಿನವರು ತಿಂಗಳು ಮೊದ್ಲೇ ತಮ್ಮ ತಮ್ಮ ಮನೆಯ ಮಣೆ ತಂದು ಕೊಟ್ಟು ಹೋಗ್ತಿದ್ದರು, ಅವರ ಗಣಪತಿ ಅವರ ಮಣೆ ಮೇಲೆಯೇ ಕೂರ್ಬೇಕು, ಅದಲು ಬದಲು ಆದ್ರೆ ದೊಡ್ಡ ರಾದ್ಧಾಂತ. ಮಕ್ಕಳ ಕೆಲಸ ಮಣ್ಣಲ್ಲಿ ಕಲ್ಲು, ಬೇರು ಹೆಕ್ಕುದು. ಶಾಲೆಯಿಂದ ಬಂದು ಚೀಲ ಬಿಸಾಡಿ ಎರಡು ವರ್ಷ ನಾನು ಮಾಡಿದ್ದು ಅಷ್ಟೇ. ಮೂರನೇ ವರ್ಷ ಇಲಿ ಮಾಡ್ಲಿಕ್ಕೆ ಬಿಟ್ರು. ಸೊಂಡಿಲು ಮುಟ್ಲಿಕ್ಕೆ ಯಾವಾಗ ಬಿಟ್ಟದ್ದು ಅಂತ ನೆನಪು ಮಾಡಿದ್ರೆ, ಬಿಡಲೇ ಇಲ್ಲ ಅನ್ಸುತ್ತೆ.

ಮಾವ ಒಂದು ದಿನವೂ ಕೂರಿಸಿ ಕಲಿಸಿದವರಲ್ಲ. ಎಂತ ಕೇಳಿದ್ರೂ "ನೋಡು" ಅಂತ ಒಂದೇ ಮಾತು. ನೋಡಿದೆ. ಮೊದ್ಲು ಮಣೆ ಮೇಲೆ ಪೀಠ, ಆಮೇಲೆ ಹೊಟ್ಟೆ, ಹೊಟ್ಟೆಯನ್ನು ಹೆಬ್ಬೆರಳಿನ ಬುಡದಿಂದ ಒತ್ತಿ ಒತ್ತಿ ತರುದು, ಅದು ಕೂತ ಮೇಲೆ ಕಾಲು, ಎದೆ, ತಲೆ, ಸೊಂಡಿಲು, ಕಣ್ಣು ಕಟ್ಟಕಡೆಗೆ, ಕಣ್ಣು ಬರೆಯುವ ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡ್ಲಿಕ್ಕಿಲ್ಲ. "ಹೊಟ್ಟೆ ಸರಿ ಕೂತ್ರೆ ಗಣಪತಿ ಸರಿ ಕೂತ ಹಾಗೆ" ಅಂತ ಮಾವ ತನ್ನಷ್ಟಕ್ಕೇ ಹೇಳ್ಕೊಳ್ತಿದ್ದರು.

ಈಗ ನಾನು ಮಂಗಳೂರಲ್ಲಿ ಕಂಪ್ಯೂಟರ್ ಎದುರು ಕೂತು ತ್ರೀ-ಡಿ ಗೊಂಬೆ ಮಾಡುವವ, ಜಾಹೀರಾತಿಗೆ, ಮಕ್ಕಳ ಆ್ಯಪಿಗೆ ಅಂತ. ಗಣಪತಿ ಮುಟ್ಟದೆ ಇಪ್ಪತ್ತು ವರ್ಷ ಆಯ್ತು. ಒಂದು ದಿನ ಪಕ್ಕದ ಸೀಟಿನವ ನನ್ನ ಸ್ಕ್ರೀನ್ ನೋಡಿ ಕೇಳಿದ, "ಎಂತ ಮಾರಾಯ, ಎಲ್ರೂ ತಲೆಯಿಂದ ಶುರು ಮಾಡ್ತಾರೆ, ನೀನು ಯಾವಾಗ ನೋಡಿದ್ರೂ ಹೊಟ್ಟೆಯಿಂದ?" ಆ ದಿನದವರೆಗೆ ನನಗೇ ಗೊತ್ತಿರ್ಲಿಲ್ಲ ಅದು. ಡೈನೋಸಾರ್ ಮಾಡಿದ್ರೂ ಹೊಟ್ಟೆಯಿಂದ, ಆಟೋ ರಿಕ್ಷಾ ಮಾಡಿದ್ರೂ ನಡುಭಾಗದಿಂದ. ಸಾಫ್ಟ್‌ವೇರ್ ಕಲಿಸಿದ ಮೇಷ್ಟ್ರು ಹೇಳಿದ ಕ್ರಮ ಬೇರೆಯೇ ಇತ್ತು, ಅದು ಎಲ್ಲಿಗೋ ಹೋಯ್ತು.

ನನಗೆ ಈ ವಿಷಯದಲ್ಲಿ ಮುಖ್ಯ ಅಂತ ಅನ್ಸುದು ಇದೇ. ಕಲಾವಿದನ ಮೇಲೆ ಮನೆ, ಊರು ಪ್ರಭಾವ ಬೀರಿದೆ ಅಂದಾಗ ನಾವು ಅವನ ಕೃತಿಯಲ್ಲಿ ಊರಿನ ವಸ್ತುಗಳನ್ನು ಹುಡುಕ್ತೇವೆ, ಕಂಬಳದ ಕೋಣ ಉಂಟಾ, ತೇರು ಉಂಟಾ, ಕೋಲ ಉಂಟಾ ಅಂತ. ಅದು ಇರ್ಬಹುದು, ಆದ್ರೆ ಅದು ಸುಲಭದ ಭಾಗ, ಅದನ್ನು ಬೆಂಗಳೂರಿಂದ ಎರಡು ದಿನಕ್ಕೆ ಬಂದು ಫೋಟೋ ಹೊಡ್ಕೊಂಡು ಹೋದವನೂ ಮಾಡ್ತಾನೆ. ಮನೆಯಿಂದ ನಿಜವಾಗಿ ಬರುದು ವಸ್ತು ಅಲ್ಲ, ವರಸೆ. ಯಾವುದು ಮೊದ್ಲು ಯಾವುದು ಆಮೇಲೆ, ಎಲ್ಲಿ ತಡೀಬೇಕು, ಎಲ್ಲಿ ಓಡ್ಬೇಕು, ಎಷ್ಟಾದ್ರೆ ಸಾಕು ಅನ್ನುವ ಅಂದಾಜು. ಅದು ಕೈಯಲ್ಲಿ ಇರ್ತದೆ, ಕಣ್ಣಿಗೆ ಕಾಣುದಿಲ್ಲ.

ಕೆ.ಕೆ. ಹೆಬ್ಬಾರರ ಚಿತ್ರ ನೋಡಿದವರಿಗೆ ಇದು ಬೇಗ ಹೊಳೀಬಹುದು. 1911ರಲ್ಲಿ ಉಡುಪಿ ಹತ್ರದ ಕಟ್ಟಿಂಗೇರಿಯಲ್ಲಿ ಹುಟ್ಟಿದವರು, ಮುಂಬೈಯ ಜೆ.ಜೆ. ಸ್ಕೂಲಲ್ಲಿ ಕಲಿತವರು, ಆಮೇಲೆ ಪ್ಯಾರಿಸಿಗೂ ಹೋಗಿ ಕಲಿತು ಬಂದವರು, ಪದ್ಮಭೂಷಣ ಎಲ್ಲ ಬಂತು, 1996ರಲ್ಲಿ ತೀರಿಕೊಂಡ್ರು. ಅವರ ಪೇಂಟಿಂಗಿನಲ್ಲಿ ಕೋಳಿ ಅಂಕ, ಜಾನಪದ ಕುಣಿತ ಎಲ್ಲ ಉಂಟು, ಸರಿ. ಆದ್ರೆ ನಾನು ಹೇಳುದು ಅವರ ಬರೀ ಗೆರೆಯ ಚಿತ್ರಗಳ ಬಗ್ಗೆ. ಮಣಿಪಾಲದಲ್ಲಿ ಅವರ ಹೆಸರಿನ ಗ್ಯಾಲರಿ ಉಂಟು, ಒಮ್ಮೆ ಹೋಗಿ ಒಂದು ಗೆರೆಯ ಎದುರು ಸುಮ್ನೆ ನಿಲ್ಲಿ. ಒಂದು ಕಡೆ ಶುರುವಾದದ್ದು ಎಲ್ಲಿಯೂ ತಡವರಿಸದೆ ಸೊಂಟಕ್ಕೆ ತಿರುಗಿ, ಮೊಣಕಾಲಲ್ಲಿ ಒಂದು ಸಣ್ಣ ಬಿಗಿ ತೆಗ್ದು, ಪಾದದ ಹತ್ರ ಹೋಗಿ ನಿಲ್ತದೆ. ನನಗಂತೂ ಅದು ಗೆರೆಯ ಹಾಗೆ ಕಾಣುದಿಲ್ಲ, ಯಕ್ಷಗಾನದಲ್ಲಿ ಹಾಡುವ ಭಾಗವತರು ಪದ್ಯದ ಕೊನೆಯಲ್ಲಿ ಬಿಡ್ತಿಗೆಗೆ, ಅಂದ್ರೆ ಮುಕ್ತಾಯದ ತಾಳಕ್ಕೆ, ಕೊಂಡುಹೋಗುವ ಹಾಗೆ ಕಾಣ್ತದೆ. ಇಷ್ಟಕ್ಕೇ ಬಿಟ್ಟವರಲ್ಲ ಅವರು, ಲಯ ಅಂದ್ರೆ ಎಂತ ಅಂತ ಮೈಯಲ್ಲಿ ತಿಳ್ಕೊಳ್ಲಿಕ್ಕೆ ಕಥಕ್ ಸಹ ಕಲಿತಿದ್ದರು. ಅಂದ್ರೆ ಊರಿನಿಂದ ಬಂದದ್ದನ್ನು ಊರಿನಾಚೆ ಹೋಗಿ ಇನ್ನೊಂದು ಕಲೆಯಲ್ಲಿ ತಿಕ್ಕಿ ನೋಡಿದವರು. ಪರಂಪರೆಯನ್ನು ಬಳಸುದು ಅಂದ್ರೆ ಹೀಗೆ, ಶೋಕೇಸಲ್ಲಿ ಇಡುದಲ್ಲ.

ನಾಟಕ ನಿರ್ದೇಶಕ ಬಿ.ವಿ. ಕಾರಂತರದ್ದೂ ಅದೇ ಕತೆ. ಬಂಟ್ವಾಳದ ಮಂಚಿಯವರು, 1929ರಲ್ಲಿ ಹುಟ್ಟಿದ್ದು, ಮನೆ ಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿದವರು. 1979ರಲ್ಲಿ ಡೆಲ್ಲಿಯಲ್ಲಿ ಮ್ಯಾಕ್‌ಬೆತ್ ಮಾಡುವಾಗ, ಅದೂ ಹಿಂದಿಯಲ್ಲಿ, ಯಕ್ಷಗಾನದ ಹೆಜ್ಜೆ, ಲಯ ತಂದು ಹಾಕಿದ್ರು. ಸ್ಕಾಟ್ಲೆಂಡಿನ ರಾಜ, ಹಿಂದಿ ಮಾತು, ಕರಾವಳಿ ಕುಣಿತ. ಮನೆ ಬಿಟ್ಟು ಓಡಿದವನ ಹಿಂದೆಯೂ ಮನೆ ಬರ್ತದೆ ಅಂತ ಆಯ್ತಲ್ಲ.

ಈಗ ಯಕ್ಷಗಾನದ ಒಳಗೇ ಬರುವ, ಯಾಕಂದ್ರೆ ಮನೆ ಎಂತ ಕೊಡ್ತದೆ ಅಂತ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣ್ಲಿಕ್ಕಿಲ್ಲ. ಹೊರಗಿನವರಿಗೆ ಗೊತ್ತಿಲ್ಲದ ಒಂದು ವಿಷಯ ಉಂಟು. ಪ್ರಸಂಗದ, ಅಂದ್ರೆ ಆಟದ ಕತೆಯ, ಪುಸ್ತಕದಲ್ಲಿ ಇರುದು ಪದ್ಯ ಮಾತ್ರ. ಭಾಗವತರು ಪದ್ಯ ಹೇಳ್ತಾರೆ, ವೇಷಧಾರಿ ಅದಕ್ಕೆ ಅರ್ಥ ಹೇಳ್ಬೇಕು, ಆ ಅರ್ಥವನ್ನು ಯಾರೂ ಬರೆದು ಕೊಡುದಿಲ್ಲ. ಎದುರಿನ ಕೃಷ್ಣ ಇವತ್ತು ಎಂತ ಕೇಳ್ತಾನೆ ಅಂತ ಕರ್ಣನಿಗೆ ಗೊತ್ತಿರುದಿಲ್ಲ, ನಿಂತ ನಿಲುವಿನಲ್ಲಿ ಉತ್ತರ ಹುಟ್ಬೇಕು, ಅದೂ ಒಂದು ಇಂಗ್ಲಿಷ್ ಶಬ್ದ ನುಸುಳದ ಕನ್ನಡದಲ್ಲಿ. ಈ ಕನ್ನಡ ಯಾರ ಮನೆಯದ್ದೂ ಅಲ್ಲ ಮಾರಾಯ್ರೆ! ಇವರ ಮನೆಗಳಲ್ಲಿ ಮಾತಾಡುದು ತುಳು, ಕುಂದಾಪ್ರ ಕನ್ನಡ, ಹವ್ಯಕ ಭಾಷೆ, ಕೊಂಕಣಿ. ಹಾಗಾದ್ರೆ ಅದು ಬಂದದ್ದು ಎಲ್ಲಿಂದ? ಮಳೆಗಾಲದ ರಾತ್ರಿ ಜಗಲಿಯಲ್ಲಿ ಒಬ್ಬರು ಭಾರತ, ರಾಮಾಯಣ ರಾಗವಾಗಿ ಓದಿ ಇನ್ನೊಬ್ಬರು ಅರ್ಥ ಹೇಳುವಾಗ ಅಜ್ಜಿಯ ಮಡಿಲಲ್ಲಿ ಮಲಗಿದ್ದ ಮಗು ಕೇಳ್ಕೊಂಡದ್ದು, ತಾಳಮದ್ದಳೆಗೆ (ವೇಷ, ಕುಣಿತ ಇಲ್ಲದೆ ಕೂತು ಅರ್ಥ ಹೇಳುವ ಯಕ್ಷಗಾನ) ಹೋದ ಅಪ್ಪ ಮರುದಿನ ಊಟಕ್ಕೆ ಕೂತು "ನಿನ್ನೆ ಶೇಣಿಯವರು ರಾವಣನ ಬಾಯಲ್ಲಿ ಒಂದು ಮಾತು ಹೇಳಿದ್ರು ನೋಡು" ಅಂತ ಅದನ್ನೇ ಪುನಃ ಅಭಿನಯಿಸಿ ತೋರಿಸಿದ್ದು. ಆ ಮಗು ಆಗ ಎಂತದ್ದೂ ಕಲೀತಿರ್ಲಿಲ್ಲ, ಅನ್ನ ತಿಂತಿತ್ತು ಅಷ್ಟೇ. ಹದಿನೈದು ವರ್ಷ ಕಳೆದು ರಂಗಸ್ಥಳದಲ್ಲಿ ಸಿಕ್ಕಿ ಬಿದ್ದಾಗ ಆ ಮಾತು ನಾಲಗೆಗೆ ಬರ್ತದೆ.

ಲೆಕ್ಕ ಹಾಕಿ ನೋಡಿ ಬೇಕಾದ್ರೆ. ವಾರಕ್ಕೆ ಎರಡು ಗಂಟೆ ಕ್ಲಾಸಿಗೆ ಹೋಗುವ ಮಗುವಿಗೆ ವರ್ಷಕ್ಕೆ ನೂರು ಗಂಟೆ ಸಿಕ್ಕಿದ್ರೆ ಹೆಚ್ಚು. ಅಪ್ಪನ ಜೊತೆ ಇಪ್ಪತ್ತು ರಾತ್ರಿ ಆಟಕ್ಕೆ ಹೋಗಿ ಚೌಕಿಯಲ್ಲಿ, ಅಂದ್ರೆ ವೇಷ ಕಟ್ಟುವ ಕೋಣೆಯಲ್ಲಿ, ಪೆಟ್ಟಿಗೆ ಬದಿಯಲ್ಲಿ ಮಲಗಿದ ಮಗುವಿಗೆ ರಾತ್ರಿಗೆ ಎಂಟು ಗಂಟೆಯ ಹಾಗೆ ನೂರ ಅರುವತ್ತು. ಅದರಲ್ಲಿ ಅರ್ಧ ನಿದ್ದೆ ಅಂತ ಇಟ್ಕೊಳ್ಳಿ, ಆ ನಿದ್ದೆಯಲ್ಲೂ ಚೆಂಡೆ ನಿಲ್ಲುದಿಲ್ಲ. ಎಚ್ಚರ ಆದಾಗ ಕಾಣುದು ಎಂತ, ತೆಂಕುತಿಟ್ಟಿನ, ಅಂದ್ರೆ ದಕ್ಷಿಣದ ಶೈಲಿಯ, ಬಣ್ಣದ ವೇಷದವರು ಕನ್ನಡಿ ಹಿಡ್ಕೊಂಡು ಅಕ್ಕಿ ಹಿಟ್ಟು, ಸುಣ್ಣದ ಚುಟ್ಟಿಯನ್ನು ಒಂದೊಂದೇ ಚುಕ್ಕಿಯಾಗಿ ಮುಖಕ್ಕೆ ಇಡ್ತಾ ಗಂಟೆಗಟ್ಟಲೆ ಕೂತಿರುದು. ಮುಖವರ್ಣಿಕೆ ಅಂತ ಪುಸ್ತಕದಲ್ಲಿ ಓದುದು ಬೇರೆ, ಆ ಚುಕ್ಕಿ ಒಣಗುವಾಗ ಅವರು ನಗ್ಲಿಕ್ಕೂ ಆಗದೆ ಬೀಡಿಗೆ ಕೈಸನ್ನೆ ಮಾಡುದು ನೋಡಿದ್ದು ಬೇರೆ.

ಇದನ್ನೆಲ್ಲ ಹೇಳಿ ಮನೆತನದ ಆರತಿ ಎತ್ತುದಾ ಅಂತ ಕೇಳ್ಬೇಡಿ, ಇದರಲ್ಲಿ ಕಹಿಯೂ ಉಂಟು. ಮೇಳದ ತಿರುಗಾಟ ಅಂದ್ರೆ ದೀಪಾವಳಿ ಕಳೆದು ಶುರುವಾಗಿ ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ, ಹತ್ತಿರ ಹತ್ತಿರ ಆರು ತಿಂಗಳು ಅಪ್ಪ ರಾತ್ರಿ ಮನೆಯಲ್ಲಿಲ್ಲ, ಹಗಲು ಇದ್ರೂ ನಿದ್ದೆ. ಮನೆ ನಡೆಸಿದ್ದು ಅಮ್ಮ. "ನೀನು ಮಾತ್ರ ಈ ಕೆಲಸಕ್ಕೆ ಬರ್ಬೇಡ" ಅಂತ ಮಗನಿಗೆ ಹೇಳಿದ ಕಲಾವಿದರು ಎಷ್ಟು ಜನ! ಹಾಗೆ ಹೇಳಿದ ಅಪ್ಪನ ಮಗ ಇಂಜಿನಿಯರ್ ಆಗಿ, ಶನಿವಾರ ರಾತ್ರಿ ಹವ್ಯಾಸಿ ತಂಡದಲ್ಲಿ ಗೆಜ್ಜೆ ಕಟ್ತಾನೆ. ಬೇಡ ಅಂದದ್ದು ಸಹ ಒಂದು ಬಗೆಯ ಕೊಡುಗೆ ಆಗಿ ಹೋಗ್ತದೆ.

ಭಾಗವತ ಕಾಳಿಂಗ ನಾವಡರನ್ನು ತೆಗೊಳ್ಳಿ. 1958ರಲ್ಲಿ ಗುಂಡ್ಮಿಯಲ್ಲಿ ಹುಟ್ಟಿದ್ದು, ಅಪ್ಪ ರಾಮಚಂದ್ರ ನಾವಡರು ಭಾಗವತರು, ಗುರುಗಳು ನಾರಣಪ್ಪ ಉಪ್ಪೂರರು. ಇಷ್ಟು ಒಳ್ಳೆ ಜಾತಕ ಇದ್ದವ ಎಂತ ಮಾಡ್ಬೇಕಿತ್ತು, ಅಪ್ಪ ಹಾಡಿದ್ದನ್ನೇ ಹಾಡಿ ಸೈ ಅನ್ನಿಸಿಕೊಳ್ಳಬೇಕಿತ್ತು. ಅವರು ಬಡಗುತಿಟ್ಟಿಗೆ, ಅಂದ್ರೆ ಉತ್ತರದ ಶೈಲಿಗೆ, ಹೊಸ ರಾಗ ತಂದ್ರು, ಪದ್ಯವನ್ನು ಎಳೆದು ಆಲಾಪ ಮಾಡಿದ್ರು, ಹೊಸ ಪ್ರಸಂಗ ಬರೆದ್ರು. ಜನ ಹುಚ್ಚು ಕಟ್ಟಿ ಬಂದ್ರು, ಸಂಪ್ರದಾಯದವರು ಇದು ಯಕ್ಷಗಾನವೇ ಅಲ್ಲ ಅಂತ ಬೈದ್ರು. 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದಾಗ ವಯಸ್ಸು ಬರೀ ಮೂವತ್ತೆರಡರ ಆಸುಪಾಸು. ತಮಾಷೆ ಎಂತ ಅಂದ್ರೆ ಈಗ ಹೊಸ ಹುಡುಗರು ಬೇರೆ ತರ ಹಾಡಿದ್ರೆ "ನಾವಡರ ಶೈಲಿ ಬಿಟ್ಟ" ಅಂತ ಬೈಗುಳ. ಒಡೆದವನೇ ಮೂವತ್ತು ವರ್ಷದಲ್ಲಿ ಪರಂಪರೆ ಆಗಿ ಕೂತದ್ದು. ನನ್ನ ಅಭಿಪ್ರಾಯದಲ್ಲಿ ಅವರಿಗೆ ಒಡೀಲಿಕ್ಕೆ ಆದದ್ದೇ ಮನೆಯಲ್ಲಿ ಎಲ್ಲ ಇದ್ದ ಕಾರಣ. ಎಲ್ಲಿ ಬಾಗಿಸಿದ್ರೆ ಬಾಗ್ತದೆ, ಎಲ್ಲಿ ಮುರೀತದೆ ಅಂತ ಹೊರಗಿಂದ ಬಂದವನಿಗೆ ಅಷ್ಟು ಬೇಗ ತಿಳಿಯುದಿಲ್ಲ.

ಮನೆಯಲ್ಲಿ ಇದ್ದು ಎಲ್ಲ ಕೇಳಿಯೂ ಕೈಗೆ ಸಿಗದವರು ಹೆಣ್ಮಕ್ಕಳು. ಅಪ್ಪ ಭಾಗವತ, ಅಣ್ಣ ಮದ್ದಳೆ, ತಂಗಿಗೆ ಪೂರಾ ಪ್ರಸಂಗ ಬಾಯಿಗೆ ಬರ್ತದೆ, ಆದ್ರೆ ಚೌಕಿಯ ಒಳಗೆ ಕಾಲಿಡ್ಲಿಕ್ಕಿಲ್ಲ. ಲೀಲಾವತಿ ಬೈಪಾಡಿತ್ತಾಯರು ತೆಂಕಿನಲ್ಲಿ ವೃತ್ತಿಯಾಗಿ ಭಾಗವತಿಕೆ ಮಾಡಿದ ಮೊದಲ ಮಹಿಳೆ. ಕಾಸರಗೋಡಿನ ಮಧೂರಿನವರು, ಸಂಗೀತ ಕಲಿತಿದ್ದವರು, ಯಕ್ಷಗಾನ ಕಲಿತದ್ದು ಮಾತ್ರ ಮದುವೆ ಆದ ಮೇಲೆ, ಗಂಡ ಹರಿನಾರಾಯಣ ಬೈಪಾಡಿತ್ತಾಯರಿಂದ. ನೋಡಿ, ಇಲ್ಲಿ ರಕ್ತದ ಮಾತೇ ಇಲ್ಲ. ಸೇರಿದ ಮನೆಯಲ್ಲಿ ಮದ್ದಳೆ ಇತ್ತು, ಕಲಿಸುವ ಮನಸ್ಸು ಇತ್ತು, ಕಲಿಯುವ ಗಂಟಲು ಇತ್ತು.

ದೈವಾರಾಧನೆಯಲ್ಲಿ ಇದು ಇನ್ನೂ ಗಂಟಾಗಿ ಉಂಟು. ಕೋಲ, ಅಂದ್ರೆ ದೈವದ ವೇಷ, ಕಟ್ಟುವವರು ನಲಿಕೆ, ಪಂಬದ, ಪರವ ಮುಂತಾದ ಕೆಲವೇ ಸಮುದಾಯದವರು, ಹೊರಗಿನವರು ಕಟ್ಲಿಕ್ಕಿಲ್ಲ. ಗಂಡ್ಸು ಮುಖಕ್ಕೆ ಬಣ್ಣ ಹಾಕಿಕೊಳ್ಳುವಾಗ ಪಕ್ಕದಲ್ಲಿ ಕೂತು ತೆಂಬರೆ ಅನ್ನುವ ಸಣ್ಣ ವಾದ್ಯ ಬಡೀತಾ ಪಾಡ್ದನ, ಅಂದ್ರೆ ದೈವದ ಕತೆಯ ತುಳು ಹಾಡು, ಹೇಳುವವರು ಹೆಚ್ಚಾಗಿ ಅದೇ ಮನೆಯ ಹೆಂಗ್ಸರು, ಹೆಂಡತಿಯೋ ಅಮ್ಮನೋ. ದೈವ ಎಲ್ಲಿ ಹುಟ್ಟಿತು, ಯಾವ ಊರು ದಾಟಿ ಬಂತು ಅಂತ ಆ ಹಾಡಲ್ಲಿ ಬರ್ತಾ ಇರುವಾಗ ಇತ್ಲಾಗಿ ಮುಖದಲ್ಲಿ ಗೆರೆ ಏಳ್ತಾ ಇರ್ತದೆ. ಹುಡುಗ ತೆಂಗಿನ ಸಿರಿ (ಎಳೆ ಗರಿ) ಸೀಳ್ತಾ ಎರಡನ್ನೂ ಒಟ್ಟಿಗೆ ಕಲೀತಾನೆ. ಸೀಳುವಾಗ ಎಳೆ ಹರಿದ್ರೆ ಬೈಗುಳ, ಪಾಡ್ದನ ತಪ್ಪಾಗಿ ಗುನುಗಿದ್ರೂ ಬೈಗುಳ. ಆದ್ರೆ ಈ ಪರಂಪರೆಯನ್ನು ಅವ ಆರಿಸಿಕೊಂಡದ್ದಲ್ಲ, ಅವನ ಮೇಲೆ ಇಟ್ಟದ್ದು. ರಾತ್ರಿ ಎದುರು ಕೈಮುಗಿದು ನಿಂತವರೇ ಬೆಳಗ್ಗೆ ಜಗಲಿಯ ಕೆಳಗೆ ಕೂರಿಸಿದ್ದು ನಮ್ಮ ಊರಲ್ಲೇ ನಡೆದದ್ದು. ಹಾಗಾಗಿ "ಎಂಥ ಶ್ರೀಮಂತ ಸಂಸ್ಕೃತಿ" ಅಂತ ನಾವು ರೀಲ್ಸ್ ಹಾಕುವಾಗ, ಆ ಶ್ರೀಮಂತಿಕೆಯ ಭಾರ ಹೊತ್ತವರಿಗೆ ಅದರಲ್ಲಿ ಎಷ್ಟು ಪಾಲು ಸಿಕ್ಕಿತು ಅಂತ ಸಹ ಕೇಳ್ಬೇಕಾಗ್ತದೆ.

ಪಾಡ್ದನ ಅಂದಾಗ ನೆನಪಾಯ್ತು, ಇದನ್ನು ಹೇಳದೆ ಬಿಡ್ಲಿಕ್ಕೆ ಆಗುದಿಲ್ಲ. ಉಜಿರೆ ಹತ್ರ ಮಾಚಾರಿನ ಪಾಡ್ದನಕಾರ ಗೋಪಾಲ ನಾಯ್ಕರು. 1990ರ ಡಿಸೆಂಬರಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರು ಎಲ್ಲ ಸೇರಿ ನಾಯ್ಕರು ಹೇಳಿದ ಸಿರಿ ಪಾಡ್ದನವನ್ನು ರೆಕಾರ್ಡ್ ಮಾಡಿದ್ರು. ಬರೆದು ಮುಗಿಸುವಾಗ 15,683 ಸಾಲು. ಎಲ್ಲರಿಗೂ ಬರುವ ಪ್ರಶ್ನೆ, ಇಷ್ಟು ಉದ್ದದ್ದನ್ನು ಬಾಯಿಪಾಠ ಮಾಡಿದ್ದು ಹೇಗೆ ಅಂತ. ಬಾಯಿಪಾಠ ಅಲ್ಲವೇ ಅಲ್ಲ. ಗದ್ದೆ ಕೆಲಸದಲ್ಲಿ, ಸಿರಿ ಜಾತ್ರೆಯಲ್ಲಿ ಕೇಳಿ ಹೇಳಿ ಮನಸ್ಸಲ್ಲಿ ಇರುದು ಕತೆಯ ಹಂದರ, ಮತ್ತೆ ಪುನಃ ಪುನಃ ಬರುವ ನುಡಿಗಟ್ಟು. ಮನೆಯಿಂದ ಹೊರಡುವಾಗ ಹೀಗೆ ಹೇಳುದು, ಬಾಗಿಲು ತೆಗೆಯುವಾಗ ಹೀಗೆ, ಮಗು ಹುಟ್ಟಿದಾಗ ಹೀಗೆ ಅಂತ. ಅವುಗಳನ್ನು ಜೋಡಿಸ್ತಾ ಆ ದಿನದ ಹಾಡು ಆ ದಿನವೇ ಕಟ್ಟುದು, ಸಮಯ ಕಮ್ಮಿ ಇದ್ರೆ ಚಿಕ್ಕದು, ಕೇಳುವವರು ಕೂತ್ರೆ ಉದ್ದ. ಹೊಂಕೊ ಇದಕ್ಕೆ ಮಾನಸಿಕ ಪಠ್ಯ ಅಂತ ಹೆಸರು ಕೊಟ್ರು. ಪರಂಪರೆಯಿಂದ ಬಂದದ್ದೂ ಸ್ವಂತದ್ದೂ ಬೇರೆ ಬೇರೆ ಅಂತ ನಾವು ಜಗಳ ಮಾಡ್ತೇವಲ್ಲ, ಇಲ್ಲಿ ಅದನ್ನು ಬಿಡಿಸ್ಲಿಕ್ಕೆ ಆಗುದೇ ಇಲ್ಲ. ಕಲ್ಲು, ಮಣ್ಣು ಊರಿನದ್ದು, ಮನೆ ಕಟ್ಟಿದ್ದು ನಾಯ್ಕರು.

ಆ ಕತೆಯೇ ನೋಡಿ, ಸಿರಿ, ಅವಳ ಮಗಳು ಸೊನ್ನೆ, ಸೊನ್ನೆಯ ಅವಳಿ ಮಕ್ಕಳು ಅಬ್ಬಗ ದಾರಗ, ಹೆಣ್ಣಿನಿಂದ ಹೆಣ್ಣಿಗೆ ಹೋಗುವ ಸಾಲು. ಅಳಿಯಸಂತಾನದ ನೆಲ ಅಲ್ವಾ ಇದು. ಆಸ್ತಿ ಸೋದರಮಾವನಿಂದ ಅಕ್ಕತಂಗಿಯ ಮಕ್ಕಳಿಗೆ ಹೋಗ್ತಿದ್ದ ಊರಲ್ಲಿ ಕಸುಬಿನ ಗುಟ್ಟು ಸಹ ಎಷ್ಟೋ ಕಡೆ ಹಾಗೆಯೇ ಹೋಗಿದೆ, ನನ್ನ ಆವೆ ಮಣ್ಣಿನ ಹಾಗೆ. ಅಪ್ಪನ ಕಡೆಯಿಂದ ನನಗೆ ಬಂದದ್ದು ಬೇಗ ಬಿಳಿಯಾಗುವ ಕೂದಲು ಮಾತ್ರ.

ಮತ್ತೆ ಪರಂಪರೆ ಅಂದ್ರೆ ಬೆರಕೆ ಇಲ್ಲದ್ದು ಅಂತ ತಿಳಿದವರು ಒಮ್ಮೆ ಕುಂದಾಪುರದ ಉಪ್ಪಿನಕುದ್ರಿಗೆ ಹೋಗ್ಬೇಕು. ಅಲ್ಲಿ ಕಾಮತರ ಮನೆಯವರು ಸೂತ್ರದ ಗೊಂಬೆ ಆಡಿಸುದು ತಲೆತಲಾಂತರದಿಂದ, ದೇವಣ್ಣ ಕಾಮತರು, ಅವರ ಮಗ ಕೊಗ್ಗ ಕಾಮತರು, ಅವರ ಮಗ ಭಾಸ್ಕರ ಕಾಮತರು. ಕೊಂಕಣಿ ಮನೆ, ಕನ್ನಡ ಪದ್ಯ, ಮರದ ಗೊಂಬೆಗೆ ಬಡಗುತಿಟ್ಟಿನ ಮುಂಡಾಸು. ಮೂರು ಕಡೆಯದ್ದು ಸೇರಿ ಒಂದು ಮನೆಯದ್ದು ಆದದ್ದು.

ಮನೆಯೇ ಇಲ್ಲದವರ ಗತಿ ಎಂತ ಅಂತ ಕೇಳಿದ್ರೆ, ಅದಕ್ಕೂ ದಾರಿ ಆಗಿದೆ. 1970ರ ದಶಕದ ಆರಂಭದಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಶುರುವಾದದ್ದರಿಂದ ಭಾಗವತರ ಮಗ ಅಲ್ಲದವನೂ ಗುರುವಿನ ಹತ್ರ ಉಳಿದು ಕಲೀಬಹುದು ಅಂತ ಆಯ್ತು. ಈಗ ಉಡುಪಿಯ ಶಾಲೆಗಳಲ್ಲೂ ಕಲಿಸ್ತಾರೆ, ಹುಡುಗಿಯರು ಗೆಜ್ಜೆ ಕಟ್ಟಿ ಕುಣಿಯುದು ನೋಡಿದ್ರೆ ಚೌಕಿಯ ಹೊರಗೆ ನಿಂತ ಆ ಹಳೆ ತಂಗಿಯರ ನೆನಪಾಗ್ತದೆ. ಒಟ್ಟಿಗೆ ಉಂಡು, ಒಟ್ಟಿಗೆ ಮಲಗಿ, ಗುರುಗಳು ಬೆಳಗ್ಗೆ ಗುನುಗಿದ್ದು ಕಿವಿಗೆ ಬೀಳುವ ಹಾಗೆ ಇದ್ರೆ ಅದು ಮನೆಯೇ. ಅಷ್ಟು ಸಿಗದೆ ಬರೀ ಹೆಜ್ಜೆ ಕಲಿತವನ ಹೆಜ್ಜೆ ಚೊಕ್ಕ ಇರ್ತದೆ, ಅವನು ಸುಮ್ಮನೆ ನಿಂತಾಗ ಗೊತ್ತಾಗ್ತದೆ ವ್ಯತ್ಯಾಸ. ಇದು ನನ್ನ ಹಟ ಇರ್ಬಹುದು, ಒಪ್ಪದವರು ಬೈಬಹುದು.

ಮಾವನಿಗೆ ಈಗ ಕೈ ನಡುಗ್ತದೆ. ಆರು ವರ್ಷ ಆಯ್ತು ಮಣ್ಣು ತರಿಸುದು ನಿಲ್ಲಿಸಿ. ಊರಿನವರು ಹೆಚ್ಚಿನವರು ಬಂದು ಮಣೆ ವಾಪಾಸ್ ಕೊಂಡುಹೋದ್ರು, ಈಗ ಪೇಟೆಯಲ್ಲಿ ಮಣೆ ಸಮೇತ ರೆಡಿ ಗಣಪತಿ ಸಿಗ್ತದೆ. ಯಾರೂ ಕೇಳ್ಲಿಕ್ಕೆ ಬಾರದ ಮೂರು ಮಣೆ ಅಟ್ಟದಲ್ಲಿ ಉಳಿದಿತ್ತು. ಒಂದನ್ನು ನಾನು ತಂದೆ, ಹಲಸಿನ ಮರದ್ದು, ನಡುವಲ್ಲಿ ಮಣ್ಣಿನ ಕಲೆ ಹೋಗಿಲ್ಲ. ನನ್ನ ಮಾನಿಟರ್ ಇರುದು ಈಗ ಅದರ ಮೇಲೆ, ಎತ್ತರ ಸರಿಯಾಗಿ ಬರ್ತದೆ. ಅಮ್ಮ ಬಂದಾಗೆಲ್ಲ ಬೈತಾರೆ, ಗಣಪತಿ ಕೂತ ಮಣೆಯಲ್ಲಿ ಎಂತೆಂತದ್ದೆಲ್ಲ ಇಡುದಾ ನೀನು ಅಂತ. ಅದು ಯಾರ ಮನೆಯದ್ದು ಅಂತ ಮಾವನ ಹತ್ರ ಕೇಳಿದೆ. ತಿರುಗಿಸಿ ತಿರುಗಿಸಿ ನೋಡಿ, ಹೆಬ್ಬೆರಳಲ್ಲಿ ಆ ಕಲೆಯನ್ನು ಒಮ್ಮೆ ಒತ್ತಿ, ಗೊತ್ತಾಗುದಿಲ್ಲ ಮಗಾ ಅಂದ್ರು.